ಗೌಡರ ಕೈಗುಣ

ಅನಾನಸ್ ವಾಸನೆ ಬಂದರೆ ಸಾಕು, ದ್ಯಾಮಕ್ಕ ಈಗಲೂ ಆ ಹಳೇ ಮಳೆಗಾಲ ನೆನೆದು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾಳೆ.

ಆ ವರ್ಷ ಪರಸಪ್ಪಗೌಡರು ಹೊಸ ಜೀಪು ಹೊಲದೊಳಗೆ ಓಡಾಡಲೆಂದು ಬಸಿಗಾಲುವೆ ಮುಚ್ಚಿಸಿದ್ದರು. ತಗ್ಗಿನಲ್ಲಿ ನೀರು ನಿಂತು ಅನಾನಸ್ ಗಿಡಗಳ ಸುಳಿಯೆಲ್ಲ ಕೊಳೆಯಿತು.

"ನೆಟ್ಟವಳು ನೀನು. ನಿನ್ನ ಕೈಗುಣವೇ ಸರಿಯಿಲ್ಲ. ನಾಳೆಯಿಂದ ಬರಬೇಡ" ಅಂದರು ಗೌಡರು.

ಆ ಸುದ್ದಿ ಹಬ್ಬಿದರೆ ಯಾವ ಹೊಲದಲ್ಲೂ ಕೂಲಿ ಸಿಗದು. ದ್ಯಾಮಕ್ಕ ಕೈ ಮುಗಿದಳು. "ನಿಜ ಗೌಡ್ರೇ. ಆ ತಗ್ಗಿನಲ್ಲೇ ನಿಮ್ಮ ಚಿನ್ನದಂಥ ಕೈಯಿಂದ ಹತ್ತು ಸಸಿ ನೆಟ್ಟು ತೋರಿಸ್ರಿ. ನನ್ನ ದರಿದ್ರ ಕೈಯಿಂದ ದಿಬ್ಬದ ಮೇಲೆ ಹತ್ತು ನೆಡ್ತೀನಿ. ಊರೇ ನೋಡಲಿ."

ಗೌಡರು ಉಬ್ಬಿಹೋದರು. ಪಂಚೆ ಎತ್ತಿಕಟ್ಟಿ ಕೆಸರಿಗಿಳಿದೇಬಿಟ್ಟರು.

ತಿಂಗಳು ಮಳೆ ಹೊಡೆದ ಮೇಲೆ ಊರವರ ಮುಂದೆ ಸುಳಿ ಎಳೆದು ನೋಡಿದರು. ದಿಬ್ಬದ್ದು ಒಂದೂ ಜಗ್ಗಲಿಲ್ಲ. ಗೌಡರದ್ದು ಹತ್ತಕ್ಕೆ ಹತ್ತೂ ಬೆಣ್ಣೆಯಿಂದ ಕೂದಲು ತೆಗೆದಂತೆ ಕಿತ್ತು ಬಂದವು, ನಾತದ ಸಮೇತ.

"ನಾಳೆಯಿಂದ ಯಾರು ಬರೋದು ಬೇಡ ಗೌಡ್ರೇ?"

ಗೌಡರು ಗುದ್ದಲಿ ತಗೊಂಡು ಕಾಲುವೆ ಬಿಡಿಸಿದರು. ಆಮೇಲೆ ಬದುಕಿರುವವರೆಗೂ, ಹೊಸ ಸಸಿ ನೆಡುವ ದಿನ ಅವರು ಬದುವಿನ ಮೇಲೆ ನಿಲ್ಲುತ್ತಿದ್ದರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.