ಉಪ್ಪಿನ ವ್ಯಾಪಾರಿಯ ಕೊಸರು

"ಬುದ್ಧಿ, ಒಂದು ಕತೆ ಕೊಟ್ಟರೆ, ಒಂದು ಹಾಡು ಕೊಟ್ಟರೆ, ಎದುರಿಗೆ ಏನು ಬರಬೇಕು?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಪೂರ್ವಾಶ್ರಮದಲ್ಲಿ ಅವರು ಅಂಗಡಿ ಇಟ್ಟಿದ್ದವರು. ಗಿರಾಕಿ ಬೇಡದ ಸಾಮಾನಿನ ದರವನ್ನು ಮೊದಲು ಕೇಳುತ್ತಾನೆ, ಬೇಕಾದದ್ದನ್ನು ಕೊನೆಗೆ ಕೇಳುತ್ತಾನೆ ಎಂಬುದನ್ನು ಬಲ್ಲವರು. ಆ ಕೊನೆಯ ಮಾತಿಗೆ ಕಾದರು.

ಶಿಷ್ಯ ಕೂತಲ್ಲಿ ಕೂರಲಾರದೆ ಅಳಲನ್ನು ಬಿಚ್ಚಿಟ್ಟ. ಮಠದ ಕಟ್ಟಳೆಯಂತೆ ಅವನು ವಾರಕ್ಕೊಂದು ಊರಿಗೆ ಹೋಗಿ, ಜನ ಕೆಲಸ ಮುಗಿಸಿ ಕೂತಾಗ, ತಾನು ಕಂಡ ನಾಲ್ಕು ಒಳ್ಳೆಯ ಸಂಗತಿ ಹೇಳಬೇಕು, ತನಗೆ ಹಿಡಿಸಿದ ಹಾಡೊಂದನ್ನು ಹಾಡಬೇಕು. ಮೊದಮೊದಲು ಅದು ಹಬ್ಬದಂತಿತ್ತು. ಈಗ ಹಾಡುವಾಗ ಕಣ್ಣು ಜನರ ಮುಖದ ಮೇಲೆಯೇ ಇರುತ್ತದೆ. ಒಬ್ಬ ಆಕಳಿಸಿದರೆ ಮುಂದಿನ ಸಾಲು ತಪ್ಪುತ್ತದೆ. ತಲೆದೂಗಿದವರೆಲ್ಲ ಮರೆತುಹೋಗಿ, ತಲೆದೂಗದವನೊಬ್ಬನನ್ನೇ ನೆನೆಯುತ್ತ ಮಠಕ್ಕೆ ಮರಳುತ್ತಾನೆ. ಈ ಕೆಲಸ ಸಾಕು, ಉಗ್ರಾಣದಲ್ಲಿ ಏನಾದರೂ ಕೊಡಿ, ಅಕ್ಕಿಬೇಳೆಗಾದರೆ ಮುಖ ಇಲ್ಲ ಎಂದು ಬೇಡಿಕೊಂಡ.

"ಉಗ್ರಾಣದ ಮಾತು ಆಮೇಲಾಗಲಿ. ಇದನ್ನು ಕೇಳು," ಎಂದು ಗುರುಗಳು ಕತೆ ತೆಗೆದರು.

ಒಬ್ಬ ಉಪ್ಪಿನ ವ್ಯಾಪಾರಿ. ಅವನ ಬಂಡವಾಳವೆಂದರೆ ಎರಡು ಹೇರೆತ್ತು, ಏಳು ಊರಿನ ದಾರಿ. ಕಡಲ ಕಡೆಯಿಂದ ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಬಂದು, ಆ ಏಳು ಊರಲ್ಲಿ ಅಳೆದು ಮಾರಿ ಮರಳುವನು. ಹೀಗಿರಲು ಇನ್ನೊಬ್ಬ ವ್ಯಾಪಾರಿ ಅದೇ ದಾರಿ ಹಿಡಿದ. ಅದೇ ಉಪ್ಪು, ಅದೇ ಸೇರು, ಅದೇ ದರ. ಏಳು ಊರು ಇಬ್ಬರಿಗೆ ಸಾಲದು. ದಾರಿ ಕೈತಪ್ಪಿದರೆ ಎತ್ತು ಮಾರಿ ಇನ್ನೊಬ್ಬರ ಮಂಡಿಯಲ್ಲಿ ಮೂಟೆ ಹೊರಬೇಕು. ವ್ಯಾಪಾರಿಗೆ ಇದು ಚೆನ್ನಾಗಿ ತಿಳಿದಿತ್ತು.

ಉಪ್ಪು ಅಳೆದ ಮೇಲೆ ಮೇಲೊಂದು ಹಿಡಿ ಹಾಕುವುದು ವಾಡಿಕೆ. ಅದು ಕೊಸರು. ಅದಕ್ಕೆ ಅಳತೆ ಇಲ್ಲ, ದರ ಇಲ್ಲ. ಇವನು ಒಂದು ಹಿಡಿ ಹಾಕಿದರೆ ಅವನು ಎರಡು ಹಾಕಿದ. ಇವನೂ ಏರಿಸುತ್ತ ಹೋದರೆ ಇಬ್ಬರೂ ಮುಳುಗುವುದು ಖಂಡಿತ. ತನ್ನ ಬಳಿ ಖರ್ಚಿಲ್ಲದ ಸರಕು ಏನಿದೆ ಎಂದು ವ್ಯಾಪಾರಿ ಯೋಚಿಸಿದ. ದಾರಿಯಲ್ಲಿ ಕಂಡದ್ದಿದೆ, ಕೇಳಿದ್ದಿದೆ. ಅಂದಿನಿಂದ ಒಂದು ಹಿಡಿ ಉಪ್ಪಿನ ಮೇಲೆ ಒಂದು ಕತೆಯನ್ನೋ ಒಂದು ಹಾಡನ್ನೋ ಹಾಕತೊಡಗಿದ.

ದೊಡ್ಡ ಕತೆಗಳೇನಲ್ಲ. ಅಂಬಿಗನ ಹೆಂಡತಿ ಮುನಿಸಿಕೊಂಡು ತವರಿಗೆ ಹೊರಟಳಂತೆ. ತವರು ಹೊಳೆಯ ಆಚೆ ದಡದಲ್ಲಿ, ದೋಣಿ ಗಂಡನದೇ. ಅವಳಿಗೆ ನಗು ಬರುವವರೆಗೂ ಅವನು ನಡುಹೊಳೆಯಲ್ಲಿ ದೋಣಿಯನ್ನು ಗಿರಗಿರ ತಿರುಗಿಸುತ್ತಲೇ ಇದ್ದನಂತೆ. ಇನ್ನೊಂದು ಊರಲ್ಲಿ ಒಬ್ಬ ಅಜ್ಜಿ, ಹುಡುಗಿಯಾಗಿದ್ದಾಗಿನ ಆಸೆ ಎಂದು, ಹಲ್ಲೆಲ್ಲ ಬಿದ್ದ ಮೇಲೆ ಮೂಗು ಚುಚ್ಚಿಸಿಕೊಂಡು ಮೂಗುತಿ ಇಟ್ಟಳಂತೆ. ಹಾಡುಗಳೂ ಅಂಥವೇ. ಅಕ್ಕತಂಗಿಯರು ಒಂದು ಸೀರೆಗಾಗಿ ಜಗಳವಾಡಿ, ಕೊನೆಗೆ ಅದನ್ನು ತಾಯಿಗೆ ಉಡಿಸುವ, ರಾಗಿ ಬೀಸುವಾಗ ಹಾಡುವ ಪದವೊಂದು ಅವನಿಗೆ ಬಹಳ ಮೆಚ್ಚು.

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಯಲ್ಲಿ ಉಪ್ಪಿದ್ದವರೂ ಚೀಲ ಹಿಡಿದು ಬಂದರು. ಇನ್ನೊಬ್ಬ ವ್ಯಾಪಾರಿ ಎರಡು ಹಿಡಿ ಹಾಕಿಯೂ ನೊಣ ಹೊಡೆಯುತ್ತ ಕೂತ. ಏಳು ಊರೂ ಇವನ ಕೈಗೆ ಬಂದವು.

ಕೊನೆಯ ಊರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಉಪ್ಪು ಕೊಂಡಳು, ಕತೆ ಕೇಳಿದಳು, ಹೋದಳು. ನಗಲಿಲ್ಲ. ಮುಂದಿನ ಸಲವೂ ಅಷ್ಟೇ. ಉಳಿದವರು ನಕ್ಕದ್ದು ವ್ಯಾಪಾರಿಯ ಕಿವಿಗೆ ಬೀಳದಾಯಿತು. ಅವಳ ಮುಖವೊಂದೇ ಕಣ್ಣಲ್ಲಿ ಕೂತಿತು. ಘಟ್ಟ ಇಳಿಯುವಾಗ ಅದೇ ಯೋಚನೆ, ಹತ್ತುವಾಗಲೂ ಅದೇ. ಕತೆ ಸಪ್ಪೆಯಾಯಿತೇನೋ ಎಂದು ಅಂಬಿಗನ ಹೊಳೆಗೆ ಮೊಸಳೆ ಬಿಟ್ಟ. ಅದೂ ಸಾಲದೆಂದು ನೆರೆ ಬರಿಸಿದ. ಅಜ್ಜಿಯ ಒಂದು ಮೂಗುತಿ ಎರಡಾಯಿತು. ಬೀಸುವ ಪದವನ್ನು ಎಷ್ಟು ಮೇಲಕ್ಕೆ ಎಳೆದನೆಂದರೆ ಎತ್ತುಗಳು ಕಿವಿ ನಿಮಿರಿಸಿದವು. ಕುಂಬಾರಗಿತ್ತಿ ಚೀಲ ತೆಗೆದುಕೊಂಡು ಹೋದಳು.

ಸಂಶಯ ಒಬ್ಬರ ಹತ್ತಿರ ನಿಲ್ಲುವಂಥದ್ದಲ್ಲ. ಬೇರೆ ಊರಿನವರಾದರೂ ನಿಜವಾಗಿ ನಗುತ್ತಾರೋ ಇಲ್ಲವೋ ಎಂಬ ಚಿಂತೆ ಅವನಿಗೆ ಹತ್ತಿಕೊಂಡಿತು. ಪರೀಕ್ಷಿಸಲು ಒಂದು ಉಪಾಯ ಮಾಡಿದ. ಉಪ್ಪು ಅಳೆದು, ಕೊಸರು ಹಾಕಿ, ಚೀಲದ ಬಾಯಿ ಕಟ್ಟಿ, ಅದನ್ನು ಕೈಯಲ್ಲೇ ಹಿಡಿದುಕೊಂಡು ಕತೆ ಹೇಳುವನು. ಕೇಳಿದವಳು ನಕ್ಕ ಮೇಲೆ ಚೀಲ ದಾಟಿಸುವನು. ಇದು ಹೆಂಗಸರಿಗೆ ಅರ್ಥವಾಗಲು ತಡವಾಗಲಿಲ್ಲ. ಒಲೆಯ ಮೇಲೆ ಎಸರಿಟ್ಟು ಬಂದವರು, ಮಗುವನ್ನು ಮಲಗಿಸಿ ಬಂದವರು, ಕತೆ ಅರ್ಧಕ್ಕೆ ಬರುವ ಮೊದಲೇ ನಕ್ಕು ಕೈ ಚಾಚಿದರು. ಬೇಗ ನಕ್ಕುಬಿಡೇ, ಸೆಟ್ರು ಕೈ ಸಡಿಲಿಸಲಿ ಎಂದು ಒಬ್ಬಳನ್ನೊಬ್ಬಳು ತಿವಿದರು. ಅವನು ಆ ನಗುವಿಗೂ ಹಿಗ್ಗಿದ, ಹಿಗ್ಗಿದ ಮರುಗಳಿಗೆಯೇ ಅದು ಕಳ್ಳನಗುವೇನೋ ಎಂದು ಕೊರಗಿದ. ಇತ್ತ ಗಿರಾಕಿಗಳು ಕಡಿಮೆಯಾದರು. ಇನ್ನೊಬ್ಬ ವ್ಯಾಪಾರಿಯ ಬಳಿ ಕತೆ ಇರಲಿಲ್ಲ. ಚೀಲ ಬೇಗ ಕೈಗೆ ಬರುತ್ತಿತ್ತು. ಒಂದು ಊರು ಹೋಯಿತು, ಎರಡು ಹೋದವು, ಮಳೆಗಾಲ ಹತ್ತಿರವಾಗುವ ಹೊತ್ತಿಗೆ ಆರೂ ಹೋದವು.

ಹೇರಿನಲ್ಲಿ ಮುಕ್ಕಾಲು ಉಪ್ಪು ಹಾಗೆಯೇ ಉಳಿದಿತ್ತು. ಅದನ್ನು ಎತ್ತಿನ ಮೇಲೆ ಹೊರಿಸಿಕೊಂಡು ಕೊನೆಯ ಊರಿಗೆ ಬಂದ. ಇಲ್ಲೂ ಮಾರದಿದ್ದರೆ ಎತ್ತು ಮಾರುವುದೇ ಸರಿ. ಮೊದಲು ಬಂದವಳು ಕುಂಬಾರಗಿತ್ತಿ. ಅಳೆದ, ಕೊಸರು ಹಾಕಿದ, ಚೀಲ ಹಿಡಿದುಕೊಂಡು ಮೊಸಳೆ, ನೆರೆ ಎಲ್ಲವೂ ಇದ್ದ ಕತೆಯನ್ನು ಹೇಳಿ ಮುಗಿಸಿದ. ಅವಳು ಕೈ ಚಾಚಿದಳು. ಇವನು ಚೀಲ ಬಿಡಲಿಲ್ಲ. ಕೇಳಿಯೇ ಬಿಟ್ಟ.

"ಕತೆ ಹೇಗಿತ್ತು ತಾಯಿ? ಒಂದು ಮಾತು ಹೇಳಬಾರದೇ?"

"ಮನೆಗೆ ಒಯ್ದ ಮೇಲೆ ಗೊತ್ತಾಗ್ತದೆ ಸೆಟ್ರೇ," ಎಂದಳು ಅವಳು. "ಉಪ್ಪನ್ನೂ ಇಲ್ಲೇ ನೆಕ್ಕಿ ತೋರಿಸ್ಲಾ?"

ಚೀಲವನ್ನು ಅವನ ಕೈಯಿಂದ ಬಿಡಿಸಿಕೊಂಡು ಹೊರಟುಹೋದಳು.

ವ್ಯಾಪಾರಿಗೆ ಮೈಯೆಲ್ಲ ಉರಿಯಿತು. ಕತೆ ಸಾಕು, ಹಾಡು ಸಾಕು, ಉಪ್ಪು ಮಾರುವವನು ಉಪ್ಪು ಮಾರಿದರಾಯಿತು ಎಂದುಕೊಂಡು ಕಟ್ಟೆಯ ಮೇಲೆ ಹೋಗಿ ಕೂತ. ಕೂರಲಾಗಲಿಲ್ಲ. ಎದ್ದು ಎತ್ತಿನ ಹಗ್ಗ ಬಿಚ್ಚಿದ, ಮತ್ತೆ ಕಟ್ಟಿದ. ಆಗ ಕೇರಿಯ ಒಳಗಿನಿಂದ ಬೀಸುವ ಕಲ್ಲಿನ ಸದ್ದು ಬಂತು, ಅದರ ಜೊತೆಗೆ ಹಾಡು. ಅಕ್ಕತಂಗಿಯರ ಸೀರೆಯ ಪದ. ಹೋದ ಸುಗ್ಗಿಯಲ್ಲಿ ಇವನೇ ಇಲ್ಲಿ ಹಾಡಿದ್ದು. ಆದರೆ ರಾಗ ಕಲ್ಲಿನ ವೇಗಕ್ಕೆ ಇಳಿದಿತ್ತು. ಕೊನೆಗೆ ತಾಯಿ ಆ ಸೀರೆಯನ್ನು ಉಡುತ್ತಿರಲಿಲ್ಲ. ಎರಡು ಪಾಲು ಮಾಡಿ ಇಬ್ಬರು ಹೆಣ್ಣುಮಕ್ಕಳ ಕೂಸುಗಳಿಗೂ ತೊಟ್ಟಿಲು ಕಟ್ಟುತ್ತಿದ್ದಳು.

ಹೀಗೆ ತಿದ್ದಿದವರು ಯಾರು? ವ್ಯಾಪಾರಿ ಆ ಮನೆಯನ್ನು ಹುಡುಕಿಕೊಂಡು ಹೊರಟ. ಎದುರಿನ ಮನೆಯಲ್ಲೂ ಬೀಸುತ್ತಿದ್ದರು, ಅದೇ ಪದ. ಅದರಾಚೆಯ ಮನೆಯಲ್ಲೂ ಅದೇ. ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ ಮುದುಕನೊಬ್ಬನನ್ನು ಈ ಹಾಡು ಯಾರದು ಎಂದು ಕೇಳಿದ.

"ನಮ್ಮೂರದೇ. ನಮ್ಮಜ್ಜಿ ಕಾಲದ್ದು," ಎಂದ ಮುದುಕ. "ಚೆನ್ನಾಗದೆ, ಕಲ್ತುಕೊಳ್ಳಿ ಸೆಟ್ರೇ. ನಿಮ್ಮ ವ್ಯಾಪಾರಕ್ಕೆ ಆಗ್ತದೆ."

ಇದನ್ನು ತಂದವನೇ ನಾನು ಎಂಬ ಮಾತು ವ್ಯಾಪಾರಿಯ ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ನುಂಗಿದ. ತಾನಾದರೂ ತಂದದ್ದು ಎಲ್ಲಿಂದ? ಹೊಳೆಯ ಕಡೆಯ ಊರಲ್ಲಿ ಯಾವಳೋ ಬೀಸುತ್ತಿದ್ದಾಗ ಗೋಡೆಯ ಆಚೆ ನಿಂತು ಕೇಳಿದ್ದು. ಅವಳ ಮುಖವನ್ನೂ ನೋಡಿರಲಿಲ್ಲ. ಚೆನ್ನಾಗಿದೆ ಎಂದು ಕೂಗಿ ಹೇಳಿಯೂ ಇರಲಿಲ್ಲ. ಕಿವಿಗೆ ತುಂಬಿಕೊಂಡು ಎತ್ತು ಹೊಡೆದುಕೊಂಡು ಬಂದಿದ್ದ.

ಅವನು ಮುದುಕನ ಪಕ್ಕದಲ್ಲಿ ಕೂತು ತೊಟ್ಟಿಲಿನ ಸಾಲುಗಳನ್ನು ಕಲಿತುಕೊಂಡ.

ಹೇರಿನ ಬಳಿಗೆ ಮರಳಿದಾಗ ನಾಲ್ಕಾರು ಹೆಂಗಸರು ಚೀಲ ಹಿಡಿದು ಕಾಯುತ್ತಿದ್ದರು. ವ್ಯಾಪಾರಿ ಮಾರುವ ರೀತಿ ಬದಲಿಸಿದ. ಅಳೆದು, ಕೊಸರು ಹಾಕಿ, ಚೀಲವನ್ನು ಮೊದಲು ಕೈಗೆ ಕೊಟ್ಟ. ಆಮೇಲೆ ಮುಂದಿನವಳಿಗೆ ಅಳೆಯುತ್ತ ಅಳೆಯುತ್ತಲೇ ಕತೆ ಹೇಳಿದ, ಹಾಡಿದ. ಇರುವವರು ಇದ್ದರು, ಹೋಗುವವರು ಹೋದರು. ಹೊಳೆಯಿಂದ ಮೊಸಳೆಯನ್ನು ಓಡಿಸಿದ. ಹಾಗೆಂದು ಚಡಪಡಿಕೆ ಒಂದೇ ದಿನಕ್ಕೆ ಬಿಡಲಿಲ್ಲ. ಕಣ್ಣು ಆಗಾಗ ಕದ್ದು ಮುಖಗಳ ಕಡೆ ಹೋಗುತ್ತಿತ್ತು. ಹೋದಾಗಲೆಲ್ಲ ಸೇರು ವಾಲಿ ಉಪ್ಪು ನೆಲಕ್ಕೆ ಚೆಲ್ಲುತ್ತಿತ್ತು. ಚೆಲ್ಲಿದ ಉಪ್ಪು ನಷ್ಟ. ಹಾಗಾಗಿ ಕಣ್ಣನ್ನು ಸೇರಿನ ಮೇಲೆ ಇಡುವುದನ್ನು ಕಲಿತ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ಒಂದು ಮಂಡಿ ಮಡಚಿದ, ಇನ್ನೊಂದು ಮಂಡಿ ಮಡಚಿದ. ಕೊನೆಗೆ ಎತ್ತುಗಳು ಉಳಿದವೇ, ಊರುಗಳು ಮರಳಿ ಬಂದವೇ ಎಂದು ಕೇಳಿದ. ಎತ್ತು ಎರಡೂ ಉಳಿದವು ಎಂದರು ಗುರುಗಳು. ಕೊನೆಯ ಊರು ಹೋಗಲೇ ಇಲ್ಲ. ಹೋದ ಆರರಲ್ಲಿ ನಾಲ್ಕು ಮರಳಿದವು. ಎರಡು ಇನ್ನೊಬ್ಬ ವ್ಯಾಪಾರಿಗೇ ನಿಂತವು, ಅವನೂ ಬದುಕಬೇಕಲ್ಲ. ಮೇಲೆ ಲಾಭವೆಂದರೆ ಆ ತೊಟ್ಟಿಲಿನ ಸಾಲು.

ಲೆಕ್ಕ ಸರಿಯಾಗಿದೆ ಎಂಬಂತೆ ಶಿಷ್ಯ ತಲೆಯಾಡಿಸಿದ. ಆದರೂ ಅವನಿಗೆ ತಡೆಯಲಾಗಲಿಲ್ಲ.

"ಆ ಕುಂಬಾರಗಿತ್ತಿ, ಬುದ್ಧಿ? ಅವಳು ಕೊನೆಗಾದರೂ ನಕ್ಕಳೇ?"

"ಯಾರು ನೋಡಿದರು? ಅವನು ಮುಂದಿನವಳಿಗೆ ಉಪ್ಪು ಅಳೆಯುತ್ತಿದ್ದ."