ಹೊಗೆ ಏಳದ ಬೆಳಗು

ಚೆನ್ನವೀರಮ್ಮನವರ ಮನೆತನ ಐದು ತಲೆಮಾರಿನಿಂದ ಮಠಕ್ಕೆ ನಡೆದುಕೊಂಡು ಬಂದದ್ದು. ದಾಸೋಹದ ಮೊದಲ ಧಾನ್ಯ ಅವರ ಕಣಜದ್ದೇ. ಆ ಮನೆಯವರ ಮೇಲೆ ಯಾರೂ ಬೆರಳು ತೋರಿಸಿದ್ದಿಲ್ಲ. ಮಠದ ಸೇವೆ ಮಾಡಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಲು ಪಟ್ಟಿ ಬರೆದವರೂ ಚೆನ್ನವೀರಮ್ಮನವರೇ. ಮಠದ ಅಡುಗೆಮನೆಯಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ದ್ಯಾಮವ್ವನ ಹೆಸರು ಅದರಲ್ಲಿ ಇರಲಿಲ್ಲ.

"ನಾನು ಹೆಸರು ಕೇಳಲು ಹೋದ ದಿನ ಅವಳು ಅಡುಗೆಮನೆಯಲ್ಲಿರಲಿಲ್ಲ. ಇದ್ದವರನ್ನು ಬರೆದೆ. ಸುಳ್ಳು ಬರೆಯದವಳ ಮೇಲೆ ತಪ್ಪು ಹೇಗೆ ಬರುತ್ತದೆ, ಗುರುಗಳೇ?" ಎಂದು ಅವರು ಮಠದ ಗುರುಗಳನ್ನು ಕೇಳಿದರು.

ಗುರುಗಳು ದಣಿದಿದ್ದರು. ಕಣ್ಣು ಮುಚ್ಚಿಕೊಂಡೇ ಕತೆ ಹೇಳಿದರು.

ಬೆಟ್ಟದ ಸೀಮೆಯ ನಕ್ಷೆ ಬರೆಯಲು ಒಬ್ಬ ಮೋಜಣಿದಾರ ಬಂದ. ಮರಗಳ ನಡುವೆ ಮನೆಗಳು ಕಾಣುತ್ತಿರಲಿಲ್ಲ. ಅವನು ಬೆಳಗಿನ ಹೊಗೆ ಎಣಿಸಿ ಮನೆ ಗುರುತು ಹಾಕುತ್ತಿದ್ದ. ಕೊನೆಯ ಬೆಟ್ಟದಲ್ಲಿ ಹೊಗೆ ಏಳಲಿಲ್ಲ.

"ಜನ ಓಡಾಡಿ ಕಾಲುದಾರಿ ಸವೆದಿದೆ ಸ್ವಾಮಿ. ಹತ್ತಿ ನೋಡೋಣ" ಎಂದ, ಅಳತೆಯ ಸರಪಳಿ ಹಿಡಿಯುವ ಆಳು.

"ಹತ್ತುವುದು ನಿನ್ನ ಮಂಡಿಯೇನು? ನಲವತ್ತು ಬೆಟ್ಟ ಹತ್ತಿಳಿದದ್ದು ಇದು. ಒಲೆಯೇ ಇಲ್ಲದ ಮೇಲೆ ಮನೆ ಎಲ್ಲಿಯದು?"

ಮೋಜಣಿದಾರ ಆ ಬೆಟ್ಟಕ್ಕೆ ಬರಿಯ ಕಾಡು ಎಂದು ಬರೆದ.

ಕೆಲವು ವರ್ಷ ಕಳೆದ ಮೇಲೆ ಸರಕಾರ ಆ ನಕ್ಷೆ ಹಿಡಿದು ಕಾಡಿಗೆ ಗಡಿ ಹಾಕಿತು. ಬೆಟ್ಟದ ಮೇಲಿದ್ದ ಒಂಬತ್ತು ಮನೆಯವರಿಗೆ ಜಾಗ ಬಿಡಿ ಎಂದು ಆಜ್ಞೆಯಾಯಿತು. ಒಬ್ಬ ಮುದುಕಿ ಎರಡು ದಿನ ನಡೆದು ಮೋಜಣಿದಾರನ ಬಾಗಿಲಿಗೆ ಬಂದಳು.

ಅವನು ಹಳೆಯ ಪುಸ್ತಕ ತೆಗೆದು ತೋರಿಸಿದ. "ಯುಗಾದಿ ಕಳೆದ ಮೂರನೆಯ ದಿನ. ಹೊಗೆ ಇಲ್ಲ. ಇದರಲ್ಲಿ ಸುಳ್ಳೆಲ್ಲಿದೆ, ಅಜ್ಜಿ?"

ಮುದುಕಿ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಅವತ್ತು ನನ್ನ ಗಂಡನ ಹೆಣ ಅಂಗಳದಲ್ಲಿತ್ತು, ಸ್ವಾಮಿ. ಹೆಣ ಎತ್ತುವ ತನಕ ನಮ್ಮ ಕೇರಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ."

ಮೋಜಣಿದಾರ ಪುಸ್ತಕ ಮುಚ್ಚಿದ. ನಕ್ಷೆ ಆಗಲೇ ಅಚ್ಚಾಗಿತ್ತು. ಒಂಬತ್ತು ಮನೆಯವರೂ ಒಲೆಗಲ್ಲು ಹೊತ್ತು ಬೆಟ್ಟ ಇಳಿದರು.

ಕತೆ ಅಲ್ಲಿಗೆ ನಿಂತಿತು. ಚೆನ್ನವೀರಮ್ಮ ಸೆರಗು ಸರಿಮಾಡಿಕೊಂಡರು. "ಆದರೂ ಅವನು ಕಂಡದ್ದನ್ನೇ ಬರೆದನಲ್ಲ" ಎಂದರು.

ಗುರುಗಳು ಕಣ್ಣು ತೆರೆದರು.

"ಆ ದಿನ ಎಲ್ಲಿಗೆ ಹೋಗಿದ್ದೆ ಎಂದು ದ್ಯಾಮವ್ವನನ್ನು ಕೇಳಿ, ಆಮೇಲೆ ಅವಳ ಕ್ಷಮೆ ಕೇಳಿ."