ಕಿವಿಗಲ್ಲಿನ ದಿಬ್ಬ

ಡೋಣಿ ಹೊಳೆಯ ಕರಿಮಣ್ಣಿನ ಸೀಮೆಯಲ್ಲಿ, ಹುಣಸೀಬಾಳ ಎಂಬ ಊರಿನ ಪಡುವಣಕ್ಕೆ ಒಂದು ಒಣ ದಿಬ್ಬವಿದೆ. ಅದರ ನೆತ್ತಿಯಲ್ಲಿ ಬೀಸುವ ಕಲ್ಲಿನಷ್ಟು ಅಗಲದ ಚಪ್ಪಡಿ. ಚಪ್ಪಡಿಯ ನಡುವೆ ಸಣ್ಣ ತಗ್ಗು. ಕೆಳಗಿರುವುದು ಹಗೇವು, ಅಂದರೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಈಗ ಹಾವು ಚೇಳು ಬಿಟ್ಟರೆ ಅದರೊಳಗೆ ಯಾರೂ ಇಳಿಯುವುದಿಲ್ಲ. ಊರವರು ಇದನ್ನು ಕಿವಿಗಲ್ಲಿನ ದಿಬ್ಬ ಎನ್ನುತ್ತಾರೆ.

ಹಿಂದೆ ಒಮ್ಮೆ ಆ ಹಗೇವಿನ ಒಡೆಯರ ಮನೆಗೆ ನಿಂಬೆವ್ವ ಎಂಬವಳು ಸೊಸೆಯಾಗಿ ಬಂದಳಂತೆ. ಜೋಳ ಸುರಿಯುವ ಮುನ್ನ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಕಟ್ ಎಂದು ಮುರಿದರೆ ಮಾತ್ರ ಒಣಗಿದೆ ಎಂದು ಹೇಳುವುದು ಆ ಮನೆಯ ಹೆಂಗಸರ ಕೆಲಸ. ಆ ವರ್ಷ ಅತ್ತೆ ಅದನ್ನು ಸೊಸೆಗೆ ವಹಿಸಿದಳು. ಕಾಳು ಮೆತ್ತಗೆ ಮುರಿಯಿತು. ಆದರೆ ಮೋಡ ಕವಿದಿತ್ತು, ಹೊತ್ತ ಚೀಲ ಇಳಿಸದೆ ಗಂಡ ಮಲಕಪ್ಪ ಅವಳ ಬಾಯನ್ನೇ ನೋಡುತ್ತ ನಿಂತಿದ್ದ. "ಒಣಗೈತ್ರಿ ಅತ್ತಿ" ಎಂದುಬಿಟ್ಟಳು. ಹಗೇವು ಅರ್ಧ ತುಂಬಿತು. ಕಲ್ಲು ಮುಚ್ಚಿ ಸುತ್ತ ಮಣ್ಣು ಮೆತ್ತಿದರು.

ಅಂದಿನಿಂದ ನಿಂಬೆವ್ವನಿಗೆ ಹಸಿ ಕಾಳಿಗೆ ಹುಳ ಬೀಳುತ್ತದೆಂಬ ಚಿಂತೆ ಹತ್ತಿತು. ಸಗಣಿ ಆರಿಸುವ ನೆವ ಮಾಡಿ ದಿನಾ ದಿಬ್ಬ ಹತ್ತಿ ಕಲ್ಲಿಗೆ ಕಿವಿ ಹಚ್ಚುವಳು. ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಒಳಗಿನಿಂದ ಕರಕರ ಸದ್ದು ಬಂತು. ನುಸಿ! ಕಾಳು ಕೊರೆಯುವ ಹುಳ. ತಾನು ಕಡಿದ ಆ ಕಾಳನ್ನೇ ಸಾವಿರ ಹಲ್ಲುಗಳು ಕಡಿಯುತ್ತಿವೆ ಎನಿಸಿತು. ದಿನದಿನಕ್ಕೆ ಸದ್ದು ಹೆಚ್ಚಿತು, ಕಲ್ಲು ಬೆಚ್ಚಗಾಯಿತು. ಆದರೂ ಯಾರಿಗೂ ಹೇಳದೆ ಸಗಣಿ ಬುಟ್ಟಿ ಹೊತ್ತು ಇಳಿದುಬರುವಳು. ಕೊನೆಗೊಂದು ದಿನ ಸದ್ದು ಪೂರ್ತಿ ನಿಂತುಹೋಯಿತು. ಅವಳಿಗೆ ನಿಜವಾದ ಭಯ ಹುಟ್ಟಿದ್ದು ಆಗ.

ಮರುದಿನವೇ ಮನೆಯ ಜೋಳ ತೀರಿತು. ಹಗೇವಿಗಿಳಿಯಲು ಮಲಕಪ್ಪ ಸೊಂಟಕ್ಕೆ ಹಗ್ಗ ಬಿಗಿದ. ನಿಂಬೆವ್ವ ಓಡಿಬಂದು ಕಲ್ಲಿನ ಮೇಲೆ ಬೋರಲು ಬಿದ್ದಳು.

"ಹಸೀ ಜ್ವಾಳಕ್ಕ ಒಣಗೈತಿ ಅಂದೆನ್ರಿ ಅತ್ತಿ, ತಪ್ಪು ನಂದು. ನುಸಿ ಬಿದ್ದಾವ."

"ನುಸಿ ಮನಷ್ಯಾರನ್ನ ತಿಂತಾವೇನ? ಏಳ ಮ್ಯಾಲ!" ಎಂದಳು ಅತ್ತೆ.

"ಮೊನ್ನೀತನಾ ಕರಕರ ಅಂತಿದ್ವು. ಈಗ ಒಂದೂ ಸಪ್ಪಳಿಲ್ಲ. ನುಸಿಗೇ ಉಸರ ಸಾಲದ ಜಾಗಾಕ್ಕ ಇವರನ್ನ ಇಳಸ್ತೀರೇನ್ರಿ?"

ಅತ್ತೆ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು. ಕಲ್ಲು ಸರಿಸಿ, ಹಚ್ಚಿದ ಹಣತೆಯನ್ನು ದಾರದಲ್ಲಿ ಇಳಿಬಿಟ್ಟಳು. ಮೊಳ ಇಳಿಯುವಷ್ಟರಲ್ಲಿ ದೀಪ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಮಲಕಪ್ಪ ಸೊಂಟದ ಹಗ್ಗ ಬಿಚ್ಚಿ ಕೆಳಗಿಟ್ಟ. ಸೊಸೆಯನ್ನು ಬೈಯಲು ಬಾಯಿ ತೆರೆದ ಅತ್ತೆ ಅಲ್ಲೇ ಕುಸಿದು ಅತ್ತಳು. ಹಗೇವಿಗೆ ಗಾಳಿಯಾಡಿದ ಮೇಲೆ ತೆಗೆದು ನೋಡಿದರೆ ಜೋಳವೆಲ್ಲ ಹೊಟ್ಟಾಗಿತ್ತು, ಆ ವರ್ಷ ನೆರೆಯವರು ಕೊಟ್ಟ ಕಾಳಿನಲ್ಲಿ ದಿನ ನೂಕಿದರು.

ಕಲ್ಲಿನ ತಗ್ಗು ಅವಳ ಕಿವಿಯೊತ್ತಿ ಸವೆದದ್ದು ಎನ್ನುತ್ತಾರೆ. ನೋಡಲು ಹೋದವರು ಇವತ್ತಿಗೂ ಬಗ್ಗಿ ಕಿವಿ ಇಡುತ್ತಾರೆ. ಕರಕರ ಕೇಳಿಸಿತು ಎಂದವರು ನಗುತ್ತ ಇಳಿದುಬರುತ್ತಾರೆ. ಏನೂ ಕೇಳಿಸದವರು ಮಾತ್ರ ಹಿಂದೆ ನೋಡದೆ ಬೇಗ ಬೇಗ ಇಳಿಯುತ್ತಾರೆ.